ಜರಡಿ

ಕೌಲ್ ಬಜಾರಿನ ನಮ್ಮ ಓಣಿಯಾಗ
ಹಡೆದವರೆಲ್ಲ ಡಾಕ್ಟ್ರು, ಹಡೀದವರೂ.
ನನ್ನ ಮಗಳಿಗೆ ಐದು ತಿಂಗಳು ಇಪ್ಪತ್ತು ದಿನ.
ತಾಯಿ ಕಾರ್ಡಿನಾಗ ಪ್ರಣತಿ, ಅತ್ತಿ ಬಾಯಾಗ ದುರ್ಗಿ,
ನನಗ ಬರೇ ಕೂಸು.

ಅಂಗನವಾಡಿ ಈರಮ್ಮ ಟೀಚರು ಹೇಳಿದ್ರು:
ಆರು ತುಂಬಾತನ ಒಂದು ಹನಿ ನೀರೂ ಬ್ಯಾಡ.
ಇಂಥಾ ಬಿಸಲಾಗೂ?
ಬ್ಯಾಡಂದ್ರ ಬ್ಯಾಡ. ಮೊಲಿಹಾಲಿನಾಗ ನೀರೂ ಐತಿ.
ಕೆಳಗಿನ ಮನಿ ಖೈರುನ್‌ಬಿ ಬಿದ್ದು ಬಿದ್ದು ನಕ್ಕಳು.
ಏಳು ಹಡೆದಾಕಿ. ಏಳಕ್ಕೂ ನಾಕನೇ ತಿಂಗಳಿಗೇ
ಖಿಚಡಿ ನೆಕ್ಕಿಸೀನಿ ಅಂತ
ಬೆರಳು ಮಡಚಿ ಎಣಿಸಿದಳು,
ಒಬ್ಬನ್ನ ಎರಡು ಸಲ ಎಣಿಸಿದಳು.

ಸಿರುಗುಪ್ಪದಿಂದ ಅಕ್ಕ: ಬಾಳಿಹಣ್ಣು ಹಿಚುಕಿ ಕೊಡು.
ಎದುರುಮನಿ ಪುಲ್ಲಮ್ಮ: ಬಾಳಿಹಣ್ಣು ಥಂಡಿ, ಎದಿ ಕಟ್ಟತೈತಿ.
ಹಳೇ ಡಾಕ್ಟ್ರು ಬರೆದ ಡಬ್ಬಿ ಪುಡಿ ಮ್ಯಾಲ
ಹೊಸ ಡಾಕ್ಟ್ರು ಕೆಂಪು ಗೀಟು ಹೊಡದ್ರು.
ಉಪ್ಪು ಬ್ಯಾಡ, ಸಕ್ಕರಿ ಬ್ಯಾಡ, ಜೇನು ಮುಟ್ಟಲೇಬ್ಯಾಡ.
(ಹುಟ್ಟಿದ ದಿನಾನ ನಾದಿನಿ ಜೇನು ಸವರಿದ್ದು
ನಾನು ಬಾಯಿ ಬಿಡಲಿಲ್ಲ.)

ಗಂಡ ವಾಷಿಂಗ್ ಯೂನಿಟ್ಟಿನಿಂದ
ಮೊಣಕೈತನ ನೀಲಿಯಾಗಿ ಬಂದು
ನಿನಗ ತಿಳಿದಂಗ ಮಾಡು ಅಂದ.
ತಿಳಿದಿದ್ರ ಕೇಳತಿದ್ನ್ಯಾ?

ಅತ್ತಿ ಮಾತ್ರ, ಹಲ್ಲು ಬರಾತನ ಏನೂ ಬ್ಯಾಡ.
ಏನೂ. ಟೀಚರಿಗಿಂತ ಗಟ್ಟಿ.
ಯಾಕ ಅಂದ್ರ ಅಡಿಕಿ ಕತ್ತರಿಸ್ತಾಳ.

ಹೋದ ಗುರುವಾರ ತೂಕ: ಐದು ಕೆಜಿ ಆರುನೂರು.
ಹಸಿರು ಪಟ್ಟಿಗೂ ಹಳದಿ ಪಟ್ಟಿಗೂ ನಡುವಿನ ಗೀಟಿನ ಮ್ಯಾಲ
ಟೀಚರ ಪೆನ್ನಿನ ಚುಕ್ಕಿ.
ಒಂದು ಜೀನ್ಸಿಗೆ ಜಿಪ್ ಹಚ್ಚಿದ್ರ ನನಗ ಮೂರು ರೂಪಾಯಿ,
ನೂಲಿನಷ್ಟು ಸೊಟ್ಟಾದ್ರೂ ಮಾಲಕ ವಾಪಸ್ ಕಳಸ್ತಾನ.
ಆ ಚುಕ್ಕಿ ನಾನು ಯಾರಿಗೆ ವಾಪಸ್ ಕಳಸಲಿ?

ಸೋಮವಾರ ಕರೆಂಟ್ ಹೋತು.
ಮಿಷಿನ್ ನಿಂತ ಮ್ಯಾಲ
ಕೌದಿ ಮ್ಯಾಲಿನ ಕೂಸಿನ ಬಾಯಿ ಆಡೋ ಸಪ್ಪಳ ಕೇಳಿಸ್ತು.
ಬೆರಳು ಹಾಕಿದೆ. ನೀಲಿ ನೂಲು.
ಎಳೆದೆ, ಬಂತು. ಎಳೆದೆ, ಇನ್ನೂ ಬಂತು.
ಗೇಣುದ್ದ, ಜೊಲ್ಲಿನಾಗ ಮಿಂಚ್ಕೊಂತ.
ನನ್ನ ಮಗಳ ಮೊದಲನೇ ಊಟ.
ಇದರ ಬಗ್ಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ.
ಕೂಸು ಅಳಲಿಲ್ಲ,
ಕಸಕೊಂಡೀ ಅಲ್ಲ ಅನ್ನೋಹಂಗ ನೋಡ್ತು.
ಬಾಗಿಲದಾಗ ಅತ್ತಿ. ಕೈಯಾಗಿನ ಅಡಕೊತ್ತು
ಬಾಯಿ ತೆರೆದು ಹಂಗೇ ನಿಂತಿತ್ತು.

ಅವತ್ತು ರಾತ್ರಿ ಕತ್ತಲಾಗ, ನಾನು ಕೇಳದೇನ:
ಗಣಿಯಾಗ ಅದಿರು ಜರಡಿ ಹಿಡೀತಿದ್ವಿ.
ಮೊಲಿ ತುಂಬ ಕೆಂಪು ಧೂಳು. ಮೂರು ತಿಂಗಳಿನಾಕಿ.
ಟ್ರ್ಯಾಕ್ಟರ್‌ದವ ಹಾರನ್ ಹೊಡೀತಿದ್ದ.
ಒಳಲೆಯಾಗ ಗಂಜಿ ಹುಯ್ದೆ, ಗಡಿಬಿಡಿಯಾಗ.

ಇಷ್ಟ ಹೇಳಿ ಮಗ್ಗಲಾ ಬದಲಿಸಿದಳು.
ಆಕಿ ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ.
ಮಾಡದಾಗ ಬೋರಲಾಗಿ ಕುಂತ ಹಿತ್ತಾಳಿ ಒಳಲೆಯನ್ನ
ಹುಣಸಿಹಣ್ಣು ಹಚ್ಚಿ ಬೆಳಗಿದ ದಿನ
ಆಕಿ ನನ್ನನ್ನ ಬೈದಿದ್ದು ನೆನಪಾತು.

ಆರು ತುಂಬಿದ ದಿನ ಅತ್ತಿನ ಬಿಳಿಜೋಳ ಹುರಿದು
ಗಿರಣಿಗೆ ಹೋಗಿ ಬಂದಳು.
ಕಾಲು ಚಾಚಿ ಕುಂತು ಜರಡಿ ಹಿಡಿದಳು.
ಮತ್ತೊಮ್ಮೆ ಹಿಡಿದಳು.
ಸಾಕತ್ತಿ ಅಂದೆ.
ಮೂರನೇ ಸಲ ಹಳೇ ಮಲ್ಲಿನ ಬಟ್ಟಿ ಹಾಕಿ
ಸೋಸಿದಳು, ಹೊಗಿಯಂಥಾ ಹಿಟ್ಟು.

ಖೈರುನ್‌ಬಿ ತುಪ್ಪ ತಂದಳು. ಪುಲ್ಲಮ್ಮ ಅಷ್ಟು ತುಪ್ಪ ಬ್ಯಾಡ ಅಂದಳು.
ಚಮಚ ವಾಲಿಸಿದ್ರ ಸುರೀಬಾರದು, ತೆಳ್ಳಗಾತು
ಅಂತ ಟೀಚರು.
ನಾನು ಬಟ್ಟಲಾ ಅತ್ತಿ ಕೈಗೆ ಕೊಟ್ಟೆ.

ಮೊದಲನೇದು ಉಗುಳ್ತು. ಎರಡನೇದು ಗದ್ದಕ್ಕ.
ಮೂರನೇ ಚಮಚ ಮ್ಯಾಲ ಬರೋವಾಗ
ಕೂಸಿನ ಜೋಡಿ ಎಲ್ಲಾರೂ ಬಾಯಿ ತೆರೆದಿದ್ರು,
ಒಂದು ಮಾತೂ ಬರಲಿಲ್ಲ.
ಕೂಸು ನುಂಗಿತೋ ಇಲ್ಲೋ, ಆಣಿ ಮಾಡಿ ಹೇಳಲಾರೆ.
ಅತ್ತಿ ಗಂಟಲು ನುಂಗಿದ್ದು ಕಂಡೆ.