ನಿಮಿಷಕ್ಕೆ ಇಪ್ಪತ್ತು

ಗಂಟೆಗೆ ಸಾವಿರದಿನ್ನೂರು, ಎರಡು ಗಂಟೆಗೆ ಕಮ್ಮಿ ಬರಲ್ಲ,
ಮೀಟರು ಶೆಡ್ಡಿನಿಂದಲೇ ಶುರು, ಎಂದ ರುದ್ರಮುನಿ
ಎಲೆಯಡಿಕೆ ದವಡೆಗೆ ಸರಿಸಿ.
ಡೈರಿಯಲ್ಲಿ ಬರೆದುಕೊಂಡ:
ಸಕ್ರಿಬಾಯಿ ಕಂಡಕ್ಟರ್, ಮೂವತ್ತು ನಲವತ್ತು, ಜಾಲಿ.
ಹದಿನೆಂಟು ವರ್ಷದ ನನ್ನ ದುಡಿಮೆ
ಒಂದು ಸಾಲಿಗೆ ಮುಗಿಯಿತು.

ಮೆದೇಹಳ್ಳಿ ದಾಟಿ ಎಡಕ್ಕೆ ಹೊರಳಿದರೆ
ಬಡಾವಣೆ ಅಂತ ಬೋರ್ಡಿದೆ, ಬಡಾವಣೆ ಇಲ್ಲ.
ಬಳ್ಳಾರಿ ಜಾಲಿ ತಲೆಮಟ್ಟ ಬೆಳೆದು
ಐದು ವರ್ಷ ನನ್ನ ಸೈಟಿನಲ್ಲಿ
ಬಾಡಿಗೆ ಕೊಡದೆ ಬಾಳಿತ್ತು.
ಕೊಡಲಿ ಹಿಡಿದ ತಮ್ಮನ ಹಿಮ್ಮಡಿಗೆ ಮುಳ್ಳು ಮುರಿದು
ಆಸ್ಪತ್ರೆ ಬಿಲ್ಲೇ ಒಂದು ಗಂಟೆ ಜೆಸಿಬಿಯಷ್ಟಾಯಿತು.

ಬುಧವಾರ, ನನ್ನ ವಾರದ ರಜೆ.
ಮಣ್ಣುದಾರಿಯಲ್ಲಿ ಗಬ್ಬದ ಎಮ್ಮೆಯ ಹಾಗೆ ತೂಗುತ್ತ
ಹಳದಿ ಗಾಡಿ ಬಂತು. ಡ್ರೈವರ್ ಪಾಲಯ್ಯ,
ಮೀಸೆ ಈಗಷ್ಟೇ ಮೂಡುತ್ತಿರುವವ.
‘ಆಫ್ ಮಾಡಾಕಿಲ್ಲಕ್ಕ, ಸೆಲ್ಫು ಹೋಗೈತೆ,
ನಿಂತ್ರೆ ನಿಂತಂಗೇ’ ಅಂದ.
ಅವನು ಟೀ ಕುಡಿದ. ಇಂಜಿನ್ನು ನನ್ನ ದುಡ್ಡು ಕುಡಿಯಿತು.
ಗಾಜಿನಾಚೆ ಆ ಪುಟ್ಟ ಅಂಕಿ
ನೋಡುತ್ತಿದ್ದಂತೆ ಕದಲಿತು:
ಒಂದು ಪಾಯಿಂಟ್ ಅಂದರೆ ಆರು ನಿಮಿಷ,
ಆರು ನಿಮಿಷ ಅಂದರೆ ನೂರಿಪ್ಪತ್ತು.
ದಿನಕ್ಕೆ ಐನೂರು ಟಿಕೆಟ್ ಹರಿಯುವವಳಿಗೆ
ಬೇರೆ ಪುಸ್ತಕ ಬೇಕೆ?

ಬಕೆಟ್ಟು ತಗ್ಗಿ, ಮೂಸಿ ನೋಡಿ,
ಬುಡಕ್ಕೆ ಹಲ್ಲು ಹಾಕಿತು.
ನೆಲದೊಳಗೆ ಹಳೇ ಸೀರೆ ಹರಿದ ಸದ್ದು.
ಬೇರು ಬಂತು, ಬೇರು ತಬ್ಬಿದ ಕೆಂಪು ಮಣ್ಣು,
ಎಡಗಾಲಿನ ಒಂದು ಚಪ್ಪಲಿ,
ಯಾರೋ ಕುಡಿದು ಹೂತಿಟ್ಟ ಬಾಟಲಿಗಳು.
ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು
ಮೀಟರಿನ ಗೊಡವೆಯೇ ಇಲ್ಲದ ಹಾಗೆ ತಿರುಗುತ್ತಿದ್ದವು.

ಹಿಂದಕ್ಕೆ ಸರಿಯುವಾಗ ಪಾಲಯ್ಯ ಕೇಳಿದ, ಐತಾ ಅಕ್ಕ?
ಬಾಯಿ ತಾನಾಗಿ ಸ್ಟ್ಯಾಂಡಿನಲ್ಲಿದ್ದಂತೆ ಕೂಗಿತು:
ಬರ್ಲಿ, ಬರ್ಲಿ, ಬರ್ಲಿ, ಬರ್ಲಿ...
ಹೋಲ್ಡಾನ್ ಅನ್ನುವಷ್ಟರಲ್ಲಿ
ಮೂಲೆಯ ಗಡಿಕಲ್ಲು ಕಿತ್ತು ಮಲಗಿತ್ತು.
ಅದರ ಗುಂಡಿಯನ್ನೂ ಚಕ್ರ ಮುಚ್ಚಿತ್ತು.

ಪಕ್ಕದ ಸೈಟಿನ ಖಲಂದರ್ ಸಾಬ್ರು
ಎಲ್ಲಿದ್ದರೋ, ಲುಂಗಿ ಎತ್ತಿ ಕಟ್ಟಿ ಬಂದರು.
ಬ್ಯಾಂಡ್‌ಸೆಟ್ಟಿನವರು, ಕ್ಲಾರಿನೆಟ್ಟಿನ ಗಂಟಲು;
ಇಂಜಿನ್ನಿನ ಮೇಲೆ ಅವರು, ಅವರ ಮೇಲೆ ನಾನು.
ಕಲ್ಲು ಇಲ್ಲಿತ್ತು. ಅಲ್ಲ, ಇಲ್ಲಿತ್ತು.
ಒಂದು ಗೇಣಿನ ಅಂತರ.
ಗೇಣಿಗಾಗಿ ಮೂರು ತಲೆಮಾರು ಕೋರ್ಟಿಗೆ ಹತ್ತಿಸಿ ಇಳಿಸಿದ್ದೇನೆ,
ಅವರ ಫೈಲುಗಳಿಗೆ ಲಗೇಜು ಹಾಕಿಲ್ಲ.

‘ಜಗಳ ಆಡ್ರಿ ಪರವಾಗಿಲ್ಲ,’
ಸೀಟಿನ ಮೇಲಿಂದ ಪಾಲಯ್ಯ ಅಂದ,
‘ನಿಮಿಷಕ್ಕೆ ಇಪ್ಪತ್ತು.’

ಸಾಬ್ರು ಮೀಟರು ನೋಡಿದರು. ನಾನು ಸಾಬ್ರನ್ನು ನೋಡಿದೆ.
ಅಂಕಿ ಒಂದು ಸಲ ಮಗುಚಿತು.
ಗೇಣನ್ನು ಅರ್ಧ ಮಾಡಿದೆವು.
ಬಕೆಟ್ಟಿನ ತುದಿ ಹಲ್ಲಿಂದ
ಬೆಕ್ಕು ಮರಿ ಕಚ್ಚಿ ತರುವಂತೆ ಕಲ್ಲನ್ನು ತಂದು
ಹುಡುಗ ನಿಲ್ಲಿಸಿದ. ಖಲಂದರ್ ಸಾಬ್ರು
ಜೇಬಿನಿಂದ ಮೂರು ಇಪ್ಪತ್ತು ತೆಗೆದು ಕೊಟ್ಟರು:
‘ಜಗಳದಾಗೆ ನಂದೂ ಪಾಲೈತಲ್ಲ ಮೇಡಂ.’

ಜಾಲಿ ಇದ್ದಾಗ ಕಾಡಿನಷ್ಟಿತ್ತು.
ಬರಿದಾದ ಮೇಲೆ ನನ್ನ ಭೂಮಿ
ಮೂರು ಬಸ್ಸು ಒತ್ತಿ ನಿಲ್ಲಿಸುವಷ್ಟು.
ಅಡಿಗೆಮನೆ ಎಲ್ಲಿ ಅಂತ ಹುಡುಕುತ್ತ
ಡ್ರೈವರ್ ಸೀಟಿನ ಜಾಗದಲ್ಲಿ ನಿಂತೆ.

ಮೂರು ಪಾಯಿಂಟ್ ಎರಡು ಗಂಟೆ. ಮೂರು ಸಾವಿರದೆಂಟುನೂರ ನಲವತ್ತು.
ಐನೂರರ ಎಂಟು ನೋಟು ಎಣಿಸಿ ಕೊಟ್ಟೆ.
‘ಚಿಲ್ಲರೆ ಇಲ್ಲಕ್ಕ’ ಅಂದ.
ಈ ಮಾತು ಹದಿನೆಂಟು ವರ್ಷ ನಾನು ಹೇಳಿದ್ದು,
ಮರೆತು ಇಳಿದವರ ಬೆನ್ನು ನೋಡುತ್ತ
ಸುಮ್ಮನಿದ್ದದ್ದೂ ಉಂಟು.
ರಜೆಯ ದಿನ ನನ್ನ ಚೀಲವೂ ಖಾಲಿ.

‘ಬೇರು ಪೂರ್ತಿ ಬಂದಿಲ್ಲ, ಹದ ಮಳೆ ಬಿದ್ರೆ ಮತ್ತೆ ಚಿಗುರ್ತೈತೆ.
ಆವಾಗ ಬಂದು ನೂರ ಅರವತ್ತಕ್ಕೆ ಹೊಡ್ದು ಕೊಡ್ತೀನಿ ಬಿಡಿ.’
ಪರ್ಸಿನಲ್ಲಿ ಸಿಕ್ಕ ಹಳೇ ಟಿಕೆಟ್ಟಿನ ಹಿಂದೆ,
ಬಾಕಿ ಬರೆದು ಕೊಡುವ ನನ್ನದೇ ಗೀಚು ಅಕ್ಷರದಲ್ಲಿ
ಬರೆದು ಅವನ ಸಹಿ ಹಾಕಿಸಿಕೊಂಡೆ:
ಎಂಟು ನಿಮಿಷ.