ಸೊನ್ನಿ ಯಾಕ ಅಲ್ಲ

ಅಕ್ಕಲಕೋಟದ ಗ್ರಾಮೀಣ ರುಗ್ಣಾಲಯ, ಏಳನೇ ಖೋಲಿ.
ಬಾಗಿಲ ಮೇಲೆ ಮರಾಠಿಯಲ್ಲಿ ‘ಸಮುಪದೇಶನ’ ಅಂತ ಬರೆದಿದೆ.
ಉಪದೇಶ ಅದರೊಳಗೇ ಅಡಗಿ ಕೂತಿದೆ.
ನಾನೂ ಮೊದಲ ಮೂರು ವರ್ಷ ಅದನ್ನೇ ಹಂಚಿದೆ,
ಕಬ್ಬಿಣದ ಗುಳಿಗೆಯ ಹಾಗೆ, ಎಣಿಸಿ ಎಣಿಸಿ.
ಒಯ್ದವರು ಹೊರಗೆ ಬೇವಿನ ಬುಡಕ್ಕೆ ಉಗಿದು ಹೋದರು.

ಇವತ್ತು ಬಂದವಳು ಮಹಾನಂದಾ ಬಿರಾಜದಾರ, ತಡವಳದವಳು.
ಹಲ್ಲಿನ ಡಾಕ್ಟರ ಚೀಟಿ:
ಎಡಗೆನ್ನೆಯೊಳಗೆ ಬಿಳಿ ಮಚ್ಚೆ. ಮಶೇರಿ, ಇಪ್ಪತ್ತೆರಡು ವರ್ಷ.
ಕೂಡುವ ಮೊದಲೇ ಅಂದಳು:
“ಬಿಡು ಅಂತೀರಿ. ಗೊತ್ತದ. ಹೂಂ ಅಂತೀನಿ. ಬಸ್ಸು ಮೂರಕ್ಕದ.”

ನಾಲಗೆಯ ತುದಿಗೆ ಬಂದಿತ್ತು ಕ್ಯಾನ್ಸರು,
ಗೋಡೆಯ ಮೇಲಿನ ಆ ಹರಿದ ದವಡೆಯ ಚಿತ್ರ.
ನುಂಗಿದೆ.
“ಮಶೇರಿ ನಿಮಗ ಏನು ಕೊಡ್ತದ?”

ಇಂಥ ಪ್ರಶ್ನೆಗೆ ಅವಳು ತಯಾರಾಗಿ ಬಂದಿರಲಿಲ್ಲ.
“ನಸುಕಿನ್ಯಾಗ ಎಲ್ಲಾರೂ ಮಲಗಿರ್ತಾರ.
ತಂಬಾಕು ಹಂಚಿನ ಮ್ಯಾಲ ಹುರೀತೀನಿ, ಕರ್ರಗ ಆಗೂತನಕ.
ಬೆರಳಿಗೆ ಹಚ್ಚಿಕೊಂಡು ಹೊಸ್ತಿಲದಾಗ ಕುಂದ್ರತೀನಿ.
ಅಷ್ಟೊತ್ತು ಯಾರೂ ನನ್ನ ಕರ್ಯಾಂಗಿಲ್ಲ.”

“ಆ ಹೊತ್ತೊಂದೇ ನಿಮ್ಮದು,” ಅಂದೆ,
ಅವಳ ಮಾತನ್ನೇ ಮಡಿಚಿ ಅವಳ ಕೈಗೆ ಇಟ್ಟ ಹಾಗೆ.
“ಹೌದ್ರಿ.” ಆಮೇಲೆ, ನಾನು ಕೇಳದೆಯೇ:
“ಈಗ ಖಾರ ತಡಿಯಾಂಗಿಲ್ಲ. ಶೇಂಗಾ ಚಟ್ನಿ ಬಾಯಿಗಿಟ್ಟರ ಬೆಂಕಿ.
ಮೊನ್ನೆ ಮೊಮ್ಮಗಳು ಬೆರಳಿಗೆ ಮಸಿ ಹಚ್ಚಿಕೊಂಡು
ಹಲ್ಲು ತಿಕ್ಕೋ ಆಟ ಆಡ್ಲಾಕತ್ತಿದಳು. ಹೊಡದೆ.
ಹೊಡದ ಕೈಯಾಗ ನನ್ನ ಬೆರಳೂ ಕರ್ರಗೇ ಇತ್ತು.”

ಮೇಜಿನ ಮೇಲೆ ಅಂಕಿಯ ಪಟ್ಟಿ ಇತ್ತು, ಸೊನ್ನೆಯಿಂದ ಹತ್ತು.
ಅದನ್ನು ಸರಿಸಿ ಭಕ್ರಿಯ ಲೆಕ್ಕ ಹಿಡಿದೆ:
“ಹತ್ತು ಭಕ್ರಿ ಅಂದ್ರ ಇವತ್ತೇ ಬಿಡಬೇಕು.
ಸೊನ್ನಿ ಅಂದ್ರ ಬಿಡೂ ಮಾತೇ ಬ್ಯಾಡ.
ನಿಮ್ಮ ಬುಟ್ಟ್ಯಾಗ ಎಷ್ಟವ?”
“ಮೂರು. ಮೂರೂ ಸೀದಾವು.”
ಇಬ್ಬರೂ ನಕ್ಕೆವು.

ಹಿಂದಿನ ನಾನಾಗಿದ್ದರೆ, ಹತ್ತು ಯಾಕಲ್ಲ ಅನ್ನುತ್ತಿದ್ದೆ.
ಅವಳು ಏಳು ನೆಪ ತಟ್ಟಿ ಕೊಡುತ್ತಿದ್ದಳು, ಬಿಸಿಬಿಸಿ.
“ಸೊನ್ನಿ ಯಾಕ ಅಲ್ಲ?” ಅಂದೆ.

ಹೊರಗೆ ಕಂಪೌಂಡರು ಮರಾಠಿಯಲ್ಲಿ ನಂಬರು ಕೂಗಿದ,
ಕನ್ನಡದಲ್ಲಿ ಯಾರೋ ಓಗೊಟ್ಟರು.
ಈ ಸುಮ್ಮನಿರುವುದನ್ನು ಕಲಿಯಲು ನನಗೆ
ಉಪದೇಶಕ್ಕಿಂತ ಹೆಚ್ಚು ಕಾಲ ಹಿಡಿಯಿತು.

“ಆ ಕೂಸಿನ ಬೆರಳು,” ಅಂದಳು.
ಮತ್ತೆ ಸ್ವಲ್ಪ ಬಿಟ್ಟು,
“ಹುರಿಯಲಾರದ, ಹೊಸ್ತಿಲದಾಗ ಸುಮ್ನ ಕುಂತರ... ನಡೀತದೇನ್ರಿ?”

ಉತ್ತರ ನನ್ನ ಹತ್ತಿರ ಇತ್ತು.
“ನಿಮಗೇನನಸ್ತದ?”

“ಚಾ ಹಿಡಕೊಂಡು ಕುಂತು ನೋಡ್ತೀನಿ.
ಬುಧವಾರ. ಬುಧವಾರ ಒಂದಿನ ಅಷ್ಟ, ಮತ್ತ.”

ಸರಕಾರಿ ಫಾರ್ಮಿನಲ್ಲಿ ಎರಡೇ ಚೌಕ: ಬಿಟ್ಟಿದ್ದಾರೆ, ಬಿಟ್ಟಿಲ್ಲ.
ನಡುವಿನ ಗೆರೆಯ ಮೇಲೆ
ಬುಧವಾರ ಅಂತ ಬರೆದೆ.

ಬಸ್ಸಿನ ಹೊತ್ತಾಗಿತ್ತು.
ಸೆರಗಿನ ಗಂಟಿನಲ್ಲಿ ಡಬ್ಬಿಯ ಸದ್ದು,
ಕೇಳಿಸಿತು, ಕೇಳಲಿಲ್ಲ.