ಬಿಸಿಲಿಗೆ ಹೊಂದಿಸಿದ ಬಾಗಿಲು

ಎಡಗಡೆಯ ಬಾಗಿಲು ಮಾತ್ರ ಹೊಸದು.
ಹಳೆಯದನ್ನು ಮೊನ್ನೆ ರಾತ್ರಿ ಕೈಮೂಸ್ ರಸ್ತೆಯಲ್ಲಿ
ಒಂದು ಕುಡು ಜಿಂಕೆ ಒದ್ದು ಹೋಯಿತಂತೆ.

"ಕೆಂಪು ಹೊಡಿ," ಅಂದಳು ಮಾಗ್ರಿಟಾ ಬ್ಯೂಕಿಸ್,
"ಆದರೆ ಈ ಕೆಂಪು."
ಬಾನೆಟ್ಟಿನ ಮೇಲೆ ಅಂಗೈ ಸವರಿ ತೋರಿಸಿದಳು:
ಗುಲಾಬಿ ಹುಡಿ,
ಪಾಠ ಮುಗಿಸಿ ಬಂದ ಟೀಚರಿನ ಕೈ ಹಾಗೆ.

ಅಪಿಂಗ್ಟನ್. ಬೆಳಗ್ಗೆ ಹತ್ತಕ್ಕೇ ಸ್ಪ್ಯಾನರು ಮುಟ್ಟಲಾಗದು.
ನದಿಯಾಚೆ ದ್ರಾಕ್ಷಿ ಹರಡಿದ ಕಾಂಕ್ರೀಟಿನ ಕಣ;
ಅಲ್ಲಿ ಸಕ್ಕರೆ ಕೂಡಿಡುವ ಇದೇ ಬಿಸಿಲು
ಇಲ್ಲಿ ಬಣ್ಣದ ಗಂಟು ಬಿಚ್ಚುತ್ತದೆ.

ಕೆಂಪಿಗೇ ಯಾಕೆ, ಕೇಳಿದಳು.
ಅಣ್ಣನ ಬಿಳಿ ಬಕ್ಕಿ ಹಾಗೇ ಇದೆ,
ಇದಕ್ಕಿಂತ ನಾಲ್ಕು ವರ್ಷ ಹಿರಿಯದು.

ಗೊತ್ತಿದ್ದಷ್ಟು ಹೇಳಿದೆ.
ಕೆಂಪು ಅಂದರೆ ಕೆಂಪನ್ನು ಒಲ್ಲೆ ಅಂದದ್ದು.
ನಮ್ಮ ಕಣ್ಣಿಗೆ ಬೀಳುವುದು ಅದು ತಟ್ಟೆಯಲ್ಲಿ ಬಿಟ್ಟದ್ದು.
ತಿನ್ನುವುದು ನೀಲಿ, ನೇರಳೆ, ನೇರಳೆಯಾಚೆಯ ಕಾಣದ್ದು,
ಬೆಳಕಿನಲ್ಲೇ ಖಾರವಾದ ತುತ್ತುಗಳು.
ದಿನಾ ಅದನ್ನೇ ಉಂಡರೆ
ಒಳಗಿನ ಕೊಂಡಿ ಒಂದೊಂದೇ ಕಳಚುತ್ತದೆ.
ಬಿಳಿ, ಬಂದದ್ದರಲ್ಲಿ ಮುಕ್ಕಾಲು ಹೊಸಿಲಲ್ಲೇ ವಾಪಸು ಕಳಿಸುತ್ತದೆ;
ಸುಣ್ಣವಾಗಿ ಉದುರಿದರೂ ಯಾರಿಗೆ ಗೊತ್ತಾಗಬೇಕು.
ಕಪ್ಪು ಬರೀ ಮಸಿ.
ಮೊದಲೇ ಸುಟ್ಟದ್ದರಲ್ಲಿ ಇನ್ನೇನು ಸುಡುವುದು.

"ಹಾಗಾದರೆ ಕೆಂಪಿನದು ಹೊಟ್ಟೆಬಾಕತನ," ಅಂದಳು.
ಅಲ್ಲ ಅನ್ನಹೋಗಿ ಸುಮ್ಮನಾದೆ.

ಬಣ್ಣದ ಮೂಲ ನೋಡಲು ನಂಬರ್ ಪ್ಲೇಟು ಬಿಚ್ಚಿದೆ.
ಹಿಂದೆ, ಹತ್ತೊಂಬತ್ತು ವರ್ಷ ಬಿಸಿಲು ಕಾಣದ ಒಂದು ಗೇಣು,
ಆಗಷ್ಟೇ ಸೀಳಿದ ದಾಳಿಂಬೆ.
ಬಗ್ಗಿ ನೋಡಿದಳು, ಬಹಳ ಹೊತ್ತು.
"ಇದನ್ನು ನೋಡಿಯೇ ಕೊಂಡದ್ದು."
ಆಮೇಲೆ, "ಮುಚ್ಚಿಬಿಡು."

ಕಂಪನಿಯ ಪಟ್ಟಿಯ ಪ್ರಕಾರ ಕೆಂಪು ತೆಗೆದುಕೊಂಡೆ.
ಅದಕ್ಕೆ ಬಿಳಿ, ಚಮಚ ಚಮಚವಾಗಿ,
ಚೂರು ಹಳದಿ, ಹೊಳಪು ಅಡಗಿಸುವ ಪುಡಿ.
ಹತ್ತೊಂಬತ್ತು ಬೇಸಿಗೆಗಳನ್ನು
ಊಟದ ಹೊತ್ತಿನೊಳಗೆ ಕಲಸಬೇಕು.
ಚೀಟಿಗೆ ಬಳಿದು ಬಳಿದು ಹೊರಗೆ ಒಯ್ದು ನೋಡಿದೆ:
ಒಂದು ತೀರಾ ಹಸಿ, ಒಂದು ತೀರಾ ಮುದಿ,
ಮೂರನೆಯದು ಔಷಧಿ ಅಂಗಡಿಯ ಗುಲಾಬಿ.
ಆರನೆಯದು ಬಾನೆಟ್ಟಿನ ಮೇಲೆ ಇಟ್ಟದ್ದೇ
ಕಾಣೆಯಾಯಿತು.

ಒಂದು ಮಾತು ಹೇಳದೆ ಕಳಿಸಬಾರದು:
ಇದು ಇವತ್ತಿಗಷ್ಟೇ ಜೋಡಿ.
ಹಳೆಯದು ತಿಂದು ದಣಿದಿದೆ, ಹೊಸದಕ್ಕೆ ಈಗ ಹಸಿವು.
ಎರಡು ಬೇಸಿಗೆ ಕಳೆದರೆ
ಬಾಗಿಲಿನ ದಾರಿ ಬಾಗಿಲಿಗೆ, ಬಂಡಿಯ ದಾರಿ ಬಂಡಿಗೆ.

ನೋಟು ಎಣಿಸುತ್ತಿದ್ದಳು, ತಲೆ ಎತ್ತಲಿಲ್ಲ.
"ಎರಡು ಬೇಸಿಗೆ ತಾನೆ.
ಅಷ್ಟರಲ್ಲಿ ಇನ್ನೊಂದು ಕುಡು ಸಿಕ್ಕೀತು."

ಅವಳು ಹೋದ ಮೇಲೆ
ತಪ್ಪಿದ ಐದು ಚೀಟಿಗಳನ್ನು
ಪಡುವಣ ಗೋಡೆಗೆ ಮೊಳೆ ಹೊಡೆದಿಟ್ಟೆ,
ಬಿಸಿಲು ನೇರ ಬೀಳುವ ಕಡೆ.
ಇವತ್ತು ತಪ್ಪಾದದ್ದು ಯಾವುದಾದರೂ
ಮಾಗಿ ಸರಿಹೋದೀತು,
ಯಾರದೋ ಬಾಗಿಲಿಗೆ.